ದುಡ್ಡು ಕೊಟ್ಟು ಕೊಂಡ ಹಾಡು ಹೊಸ ಫೋನಿನಲ್ಲಿ ಯಾಕೆ ಹಾಡುತ್ತಿಲ್ಲ?

ಪ್ರಶ್ನೆ: 2004ರಿಂದ ಐದು ವರ್ಷ ನ್ಯೂಜೆರ್ಸಿಯಲ್ಲಿ ಕೆಲಸದಲ್ಲಿದ್ದೆ. ಆಗ ಹಾಡು ಕೇಳಲು ಆಪಲ್ ಕಂಪನಿಯ ಐಪಾಡ್ ಇತ್ತು. ಅದೇ ಕಂಪನಿಯ ಐಟ್ಯೂನ್ಸ್ ಎಂಬ ಆನ್‌ಲೈನ್ ಅಂಗಡಿಯಲ್ಲಿ ಒಟ್ಟು 236 ಹಾಡು ಕೊಂಡಿದ್ದೆ. ಜಾಸ್ತಿ ಹಿಂದೂಸ್ತಾನಿ, ಉಳಿದದ್ದು ಇಂಗ್ಲಿಷ್. ಈಗ ಮೈಸೂರಿನಲ್ಲಿದ್ದೇನೆ. ಐಪಾಡ್ ಬ್ಯಾಟರಿ ಸತ್ತಿದೆ. ಹಳೆಯ ವಿಂಡೋಸ್ ಎಕ್ಸ್‌ಪಿ ಲ್ಯಾಪ್‌ಟಾಪ್‌ನಲ್ಲಿ ಹಾಡುಗಳು ಈಗಲೂ ಕೇಳಿಸುತ್ತವೆ. ಆದರೆ ಆಂಡ್ರಾಯ್ಡ್ ಫೋನಿಗೆ ಕಾಪಿ ಮಾಡಿದರೆ ಮುಕ್ಕಾಲು ಪಾಲು ಹಾಡುವುದಿಲ್ಲ. ಕಾಲು ಪಾಲು ಚೆನ್ನಾಗಿಯೇ ಹಾಡುತ್ತವೆ. ನಾನೇನು ಕದ್ದ ಹಾಡು ಇಟ್ಟುಕೊಂಡಿಲ್ಲ. ಮಗಳು ಯಾವುದೋ ಸಾಫ್ಟ್‌ವೇರ್ ಹಾಕಿ ಬೀಗ ತೆಗೆಯಬಹುದು ಅನ್ನುತ್ತಾಳೆ. ಹಾಗೆ ಮಾಡಬಹುದೇ? ಈಗ ಫೋನಿನ ಆ್ಯಪ್‌ಗಳಲ್ಲಿ ಡೌನ್‌ಲೋಡ್ ಮಾಡಿದ ಹಾಡುಗಳಿಗೂ ಇದೇ ಗತಿಯೇ?

ಉತ್ತರ: ಮೊದಲು ಆ ಹಳೆಯ ಲ್ಯಾಪ್‌ಟಾಪ್ ಬಗ್ಗೆ ಒಂದು ಮಾತು. ಅದನ್ನು ಸದ್ಯಕ್ಕೆ ಯಾರ ಕೈಗೂ ಕೊಡಬೇಡಿ. ಫಾರ್ಮ್ಯಾಟ್ ಮಾಡಿಸಬೇಡಿ. ವಿಂಡೋಸ್ ಮತ್ತೆ ಹಾಕಿಸಬೇಡಿ. 'ಸ್ಲೋ ಆಗಿದೆ ಸಾರ್, ಹಾರ್ಡ್‌ಡಿಸ್ಕ್ ಚೇಂಜ್ ಮಾಡಿಬಿಡೋಣ' ಅಂತ ರಿಪೇರಿ ಅಂಗಡಿಯವರು ಅಂದರೆ ನಗುತ್ತಲೇ ಬೇಡ ಅನ್ನಿ. ನಿಮ್ಮ ಹಾಡುಗಳ ಬೀಗದ ಕೈ ಈಗ ಇರುವುದು ಅದರೊಳಗೆ.

ಬೀಗದ ಕೈ ಅಂದೆನಲ್ಲ, ಅದು ಹೀಗೆ. ನೀವು 99 ಸೆಂಟ್ ಕೊಟ್ಟು ಒಂದು ಹಾಡು ಕೊಂಡಾಗ ನಿಮ್ಮ ಕಂಪ್ಯೂಟರಿಗೆ ಎರಡು ವಸ್ತು ಬಂದವು. ಒಂದು, ಬೀಗ ಹಾಕಿದ ಪೆಟ್ಟಿಗೆ. ಇನ್ನೊಂದು, ಅದರ ಬೀಗದ ಕೈ. ಪೆಟ್ಟಿಗೆ ಅಂದರೆ ಫೈಲು. ಅದನ್ನು ಎಲ್ಲಿಗೆ ಬೇಕಾದರೂ ಕಾಪಿ ಮಾಡಿ, ಯಾರೂ ತಡೆಯುವುದಿಲ್ಲ. ಬೀಗದ ಕೈ ಮಾತ್ರ ನಿಮ್ಮ ಆಪಲ್ ಖಾತೆಗೆ ಸೇರಿದ್ದು. ನೀವು 'ಆಥರೈಸ್' ಮಾಡಿದ, ಅಂದರೆ ಅನುಮತಿ ಕೊಟ್ಟ ಕಂಪ್ಯೂಟರಿನಲ್ಲಿ ಅದು ಕೂರುತ್ತದೆ, ಅಲ್ಲಿಂದ ಐಪಾಡ್‌ಗೆ ಹೋಗುತ್ತದೆ. ಕಂಪ್ಯೂಟರ್ ಹೆಚ್ಚೆಂದರೆ ಐದು. ಈ ಏರ್ಪಾಟಿಗೆ ಆಪಲ್ ಇಟ್ಟ ಹೆಸರು ಫೇರ್‌ಪ್ಲೇ. 2005-06ರ ಹೊತ್ತಿನ ಮೊಟೊರೋಲಾದ ಕೆಲವು ಫೋನು ಬಿಟ್ಟರೆ ಬೇರೆ ಕಂಪನಿಯ ಫೋನುಗಳಿಗೆ ಈ ಬೀಗ ತೆಗೆಯುವ ಭಾಗ್ಯ ಸಿಗಲಿಲ್ಲ. ನಿಮ್ಮ ಆಂಡ್ರಾಯ್ಡ್ ಫೋನಿಗೆ ಪೆಟ್ಟಿಗೆ ಕಾಣುತ್ತದೆ, ತೆರೆಯಲು ಬರುವುದಿಲ್ಲ. ಫೈಲು ಕೆಟ್ಟಿಲ್ಲ, ಫೋನೂ ಕೆಟ್ಟಿಲ್ಲ. ನೀವು ಹೊಸ ಐಫೋನ್ ಕೊಂಡಿದ್ದರೆ ಈ ಪ್ರಶ್ನೆಯೇ ಏಳುತ್ತಿರಲಿಲ್ಲ, ಅದೇ ಖಾತೆಯಲ್ಲಿ ಹಾಡುಗಳು ಓಡುತ್ತಿದ್ದವು. ಬೀಗದ ಲಾಭ ಯಾರಿಗೆ ಅನ್ನುವುದು ಅಲ್ಲೇ ಗೊತ್ತಾಗುತ್ತದೆ, ಅಲ್ವಾ?

ಹಾಗಾದರೆ ಕಾಲು ಪಾಲು ಹಾಡು ಯಾಕೆ ಹಾಡುತ್ತವೆ? ಇದಕ್ಕೆ ಉತ್ತರ ನೀವು ಕೊಂಡ ತಾರೀಖಿನಲ್ಲಿದೆ. ಐಟ್ಯೂನ್ಸ್ ಅಂಗಡಿ ಅಮೆರಿಕದಲ್ಲಿ ಬಾಗಿಲು ತೆರೆದದ್ದು 2003ರ ಏಪ್ರಿಲ್ 28ರಂದು. ಬೀಗವಿಲ್ಲದೆ ಹಾಡು ಮಾರಲು ದೊಡ್ಡ ಸಂಗೀತ ಕಂಪನಿಗಳು ಆಗ ಒಪ್ಪುತ್ತಿರಲಿಲ್ಲ. ಹಾಗಾಗಿ ಎಲ್ಲಾ ಹಾಡಿಗೂ ಬೀಗ, ಗುಣಮಟ್ಟ 128 ಕೆಬಿಪಿಎಸ್ (ಈ ಅಂಕಿ ಹೆಚ್ಚಾದಷ್ಟೂ ಹಾಡು ಸ್ಪಷ್ಟ). 2007ರ ಫೆಬ್ರವರಿಯಲ್ಲಿ ಸ್ಟೀವ್ ಜಾಬ್ಸ್ ಒಂದು ಬಹಿರಂಗ ಪತ್ರ ಬರೆದು, ಕಂಪನಿಗಳು ಒಪ್ಪಿದರೆ ಬೀಗ ಕಿತ್ತುಹಾಕಲು ನಾವು ತಯಾರು ಎಂದರು. ಎರಡೇ ತಿಂಗಳಲ್ಲಿ ಇಎಂಐ ಎಂಬ ದೊಡ್ಡ ಸಂಗೀತ ಕಂಪನಿ ಒಪ್ಪಿತು. ಮೇ ತಿಂಗಳಿಂದ ಐಟ್ಯೂನ್ಸ್ ಪ್ಲಸ್ ಎಂಬ ಹೆಸರಲ್ಲಿ ಅದರ ಹಾಡುಗಳು ಬೀಗವಿಲ್ಲದೆ, 256 ಕೆಬಿಪಿಎಸ್ ಗುಣಮಟ್ಟದಲ್ಲಿ, 1 ಡಾಲರ್ 29 ಸೆಂಟಿಗೆ ಬಂದವು. ಉಳಿದ ದೊಡ್ಡ ಕಂಪನಿಗಳೂ ದಾರಿಗೆ ಬಂದದ್ದು 2009ರ ಜನವರಿಯಲ್ಲಿ. ಹಳೆಯ ಬೀಗದ ಹಾಡಿಗೆ ತಲಾ 30 ಸೆಂಟ್ ಕೊಟ್ಟರೆ ಬೀಗವಿಲ್ಲದ ಪ್ರತಿ ಕೊಡುತ್ತೇವೆ ಅಂತಲೂ ಆಗ ಹೇಳಿದ್ದರು. ನೀವು ಆ ಹೊತ್ತಿಗೆ ಗಂಟುಮೂಟೆ ಕಟ್ಟುವ ಗಡಿಬಿಡಿಯಲ್ಲಿ ಇದ್ದಿರಬೇಕು.

ಭಾರತದಲ್ಲಿ ಐಟ್ಯೂನ್ಸ್ ಅಂಗಡಿ ಶುರುವಾದದ್ದೇ 2012ರ ಡಿಸೆಂಬರ್‌ನಲ್ಲಿ. ಹಾಗಾಗಿ ಇಲ್ಲಿ ಕೊಂಡವರಿಗೆ ಈ ತೊಂದರೆ ಇಲ್ಲ. ಇದು ನಿಮ್ಮ ಹಾಗೆ ಆ ಐದಾರು ವರ್ಷ ಹೊರಗಿದ್ದವರ ತಲೆನೋವು.

ಯಾವ ಹಾಡಿಗೆ ಬೀಗ ಇದೆ, ಯಾವುದಕ್ಕೆ ಇಲ್ಲ ಎಂದು ಒಂದೊಂದಾಗಿ ಫೋನಿನಲ್ಲಿ ಹಾಕಿ ನೋಡಬೇಕಿಲ್ಲ. ಲ್ಯಾಪ್‌ಟಾಪ್‌ನಲ್ಲಿ ಐಟ್ಯೂನ್ಸ್ ಸಾಫ್ಟ್‌ವೇರ್ ತೆರೆದು ಒಂದು ಹಾಡಿನ ಮೇಲೆ ಬಲ ಗುಂಡಿ ಒತ್ತಿ, 'ಗೆಟ್ ಇನ್ಫೋ' ಆರಿಸಿ. 'ಕೈಂಡ್' ಎಂಬ ಸಾಲು ನೋಡಿ. 'ಪ್ರೊಟೆಕ್ಟೆಡ್ ಎಎಸಿ ಆಡಿಯೊ ಫೈಲ್' ಅಂತಿದ್ದರೆ ಬೀಗ ಇದೆ. 'ಪರ್ಚೇಸ್ಡ್ ಎಎಸಿ ಆಡಿಯೊ ಫೈಲ್' ಅಂತಿದ್ದರೆ ಇಲ್ಲ. ಫೈಲಿನ ಹೆಸರಿನ ಬಾಲದಲ್ಲೂ ಗೊತ್ತಾಗುತ್ತದೆ: ಎಂ4ಪಿ ಆದರೆ ಬೀಗದ್ದು, ಎಂ4ಎ ಆದರೆ ಬಿಡುಗಡೆಯಾದದ್ದು. ಎಲ್ಲವನ್ನೂ ಒಟ್ಟಿಗೆ ಸೋಸಲು ಒಂದು 'ಸ್ಮಾರ್ಟ್ ಪ್ಲೇಲಿಸ್ಟ್' ಮಾಡಿ. ಅದರಲ್ಲಿ 'ಕೈಂಡ್' 'ಕಂಟೇನ್ಸ್' ಎಂದಿಟ್ಟು 'ಪ್ರೊಟೆಕ್ಟೆಡ್' ಎಂದು ಟೈಪ್ ಮಾಡಿದರೆ ಬೀಗದ ಹಾಡುಗಳೆಲ್ಲ ಒಂದೇ ಕಡೆ ಸಾಲಾಗಿ ನಿಲ್ಲುತ್ತವೆ. ನಿಮ್ಮ ಲೆಕ್ಕದ ಪ್ರಕಾರ 170-180 ಇರಬಹುದು.

ಅಂದ ಹಾಗೆ, ಬೀಗವಿಲ್ಲದ ಹಾಡಿನೊಳಗೂ ನಿಮ್ಮ ಹೆಸರು ಮತ್ತು ಖಾತೆಯ ಇಮೇಲ್ ಬರೆದಿರುತ್ತದೆ. ಅದೇ 'ಗೆಟ್ ಇನ್ಫೋ' ಪುಟದಲ್ಲಿ ಕಾಣುತ್ತದೆ. ಮನೆಯಲ್ಲಿ ಕೇಳಲು ತೊಂದರೆಯಿಲ್ಲ. ಫ್ಯಾಮಿಲಿ ವಾಟ್ಸ್‌ಆ್ಯಪ್ ಗ್ರೂಪಿಗೆ ಹಾಕುವ ಮುಂಚೆ ಮಾತ್ರ ಎರಡು ಸಲ ಯೋಚಿಸಿ.

ಬೀಗದ ಹಾಡುಗಳಿಗೆ ಈಗ ಎರಡು ದಾರಿ. ಒಂದರಲ್ಲಿ ಸ್ವಲ್ಪ ದುಡ್ಡು ಖರ್ಚು, ಇನ್ನೊಂದರಲ್ಲಿ ಸಮಯ ಖರ್ಚು.

ದುಡ್ಡಿನ ದಾರಿಯ ಹೆಸರು ಐಟ್ಯೂನ್ಸ್ ಮ್ಯಾಚ್. ಅಮೆರಿಕದಲ್ಲಿ 2011ರಲ್ಲಿ ಶುರುವಾದ ಈ ಸೇವೆಗೆ ವರ್ಷಕ್ಕೆ 24 ಡಾಲರ್ 99 ಸೆಂಟ್. ನಿಮ್ಮ ಕಂಪ್ಯೂಟರಿನಲ್ಲಿರುವ ಹಾಡುಗಳನ್ನು ಇದು ಆಪಲ್‌ನ ಉಗ್ರಾಣದ ಜೊತೆ ತಾಳೆ ನೋಡುತ್ತದೆ. ಅಲ್ಲಿ ಸಿಕ್ಕ ಹಾಡನ್ನು ನೀವು 256 ಕೆಬಿಪಿಎಸ್‌ನಲ್ಲಿ, ಬೀಗವಿಲ್ಲದೆ, ಮತ್ತೆ ಇಳಿಸಿಕೊಳ್ಳಬಹುದು. ಮೊದಲು ಎಲ್ಲ ಹಾಡನ್ನೂ ಒಂದು ಹಾರ್ಡ್‌ಡಿಸ್ಕಿಗೆ ಬ್ಯಾಕಪ್ ಮಾಡಿಕೊಳ್ಳಿ. ಆಮೇಲೆ ಒಂದೇ ಒಂದು ಬೀಗದ ಹಾಡನ್ನು ಐಟ್ಯೂನ್ಸ್‌ನಿಂದ ಅಳಿಸಿ. ಅಳಿಸುವಾಗ 'ಐಕ್ಲೌಡ್‌ನಿಂದಲೂ ತೆಗೆಯಲೇ' ಎನ್ನುವ ಅರ್ಥದ ಪ್ರಶ್ನೆ ಬಂದರೆ ಬೇಡ ಅನ್ನಿ. ಹಾಡಿನ ಪಕ್ಕ ಮೋಡದ ಗುರುತು ಕಾಣುತ್ತದೆ, ಅದನ್ನು ಒತ್ತಿ. ಇಳಿದು ಬಂದ ಫೈಲಿನ 'ಕೈಂಡ್' ನೋಡಿ. ಬೀಗ ಹೋಗಿದ್ದರೆ ಉಳಿದವಕ್ಕೂ ಹಾಗೇ ಮಾಡಿ. ಒಮ್ಮೆ ಇಳಿದ ಹಾಡು ನಿಮ್ಮದೇ, ಮುಂದಿನ ವರ್ಷ ಚಂದಾ ಕಟ್ಟದಿದ್ದರೂ ಹಾಡುವುದು ನಿಲ್ಲಿಸುವುದಿಲ್ಲ. ಕೆಲಸ ಮುಗಿದ ದಿನವೇ ಆಟೋ ರಿನ್ಯೂವಲ್ ಆಫ್ ಮಾಡಿಬಿಡಿ. ಇದನ್ನು ಆಪಲ್ ಮ್ಯೂಸಿಕ್ ಚಂದಾ ಜೊತೆ ಗೊಂದಲ ಮಾಡಿಕೊಳ್ಳಬೇಡಿ. ಅದು ಬಾಡಿಗೆ ವ್ಯವಹಾರ, ಅಲ್ಲಿ ಹೊಸದಾಗಿ ಸೇರಿಸಿಕೊಂಡು ಇಳಿಸಿದ ಹಾಡಿಗೆ ಬೀಗ ಇದ್ದೇ ಇರುತ್ತದೆ.

ಕೇಳಲು ಸುಲಭ. ಆದರೆ ನಿಮ್ಮ ವಿಷಯದಲ್ಲಿ ಮೂರು ಕಡೆ ಕಾಲು ತೊಡರಬಹುದು.

ಮೊದಲನೆಯದು ಆ ಲ್ಯಾಪ್‌ಟಾಪ್. ಎಕ್ಸ್‌ಪಿಯ ಹಳೆಯ ಐಟ್ಯೂನ್ಸ್‌ನಿಂದ ಇವತ್ತಿನ ಅಂಗಡಿಗೆ ಲಾಗಿನ್ ಆಗುವುದು ನೆಚ್ಚಿಕೊಳ್ಳುವ ಮಾತಲ್ಲ. ಈ ಕೆಲಸಕ್ಕೆ ವಿಂಡೋಸ್ 10 ಅಥವಾ 11 ಇರುವ ಕಂಪ್ಯೂಟರ್ ಬಳಸಿ. ಹಾಡುಗಳನ್ನು ಅದಕ್ಕೆ ಕಾಪಿ ಮಾಡಿ, ಐಟ್ಯೂನ್ಸ್ ಹಾಕಿ, 'ಅಕೌಂಟ್' ಮೆನುವಿನಲ್ಲಿ 'ಆಥರೈಸ್ ದಿಸ್ ಕಂಪ್ಯೂಟರ್' ಒತ್ತಿ. ಐದು ಕಂಪ್ಯೂಟರ್ ಆಗಿಹೋಗಿದೆ ಅಂತ ಅದು ತಕರಾರು ತೆಗೆದರೆ 'ಡಿಆಥರೈಸ್ ಆಲ್' ಎಂಬ ಗುಂಡಿ ಇದೆ, ವರ್ಷಕ್ಕೆ ಒಂದೇ ಸಲ. ಹಳೆಯ ಲ್ಯಾಪ್‌ಟಾಪ್ ನೆಚ್ಚಿಕೊಂಡು, ಮುಂದೆ ಹೇಳುವ ಹಾಗೆ ಸಿಡಿ ಮಾಡುವ ಯೋಚನೆ ಇದ್ದರೆ, ಆ ಕೆಲಸ ಮುಗಿಯುವ ತನಕ ಈ ಗುಂಡಿ ಮುಟ್ಟಬೇಡಿ. ಇನ್ನೊಂದು, ಆಪಲ್ ಮ್ಯೂಸಿಕ್ ಎಂಬ ಪ್ರತ್ಯೇಕ ಆ್ಯಪ್ ವಿಂಡೋಸ್‌ಗೆ ಬಂದಿದೆ. ಅದನ್ನು ಹಾಕಿದರೆ ಐಟ್ಯೂನ್ಸ್‌ನಲ್ಲಿ ಹಾಡುಗಳು ಕಾಣುವುದೇ ಇಲ್ಲ, ಪಾಡ್‌ಕಾಸ್ಟ್ ಮತ್ತು ಆಡಿಯೊಬುಕ್ ಮಾತ್ರ. ಹಾಡೆಲ್ಲ ಹೋಯ್ತು ಅಂತ ಗಾಬರಿಯಾಗುವುದು ಬೇಡ.

ಎರಡನೆಯದು ಪಾಸ್‌ವರ್ಡ್. ನಿಮ್ಮ ಖಾತೆಗೆ ಜೋಡಿಸಿದ್ದು ನ್ಯೂಜೆರ್ಸಿಯ ಫೋನ್ ನಂಬರ್ ಆಗಿದ್ದರೆ ಓಟಿಪಿ ಹೋಗುವುದು ಅಲ್ಲಿಗೇ. ಆ ನಂಬರ್ ಈಗ ಇನ್ಯಾರ ಜೇಬಿನಲ್ಲಿದೆಯೋ! ಆಪಲ್‌ನಲ್ಲಿ ಖಾತೆ ಮರಳಿ ಪಡೆಯುವ ಕ್ರಮ ಇದೆ, ಆದರೆ ಅದಕ್ಕೆ ಹಲವು ದಿನ ಹಿಡಿಯಬಹುದು. ಇದನ್ನು ಇವತ್ತೇ ಶುರು ಮಾಡಿ. ಖಾತೆ ಕೈಗೆ ಸಿಕ್ಕ ಕೂಡಲೇ ಮೈಸೂರಿನ ನಂಬರ್ ಸೇರಿಸಿ.

ಮೂರನೆಯದೇ ಜನ ಎಡವುವ ಜಾಗ. ಖಾತೆ ಸಿಕ್ಕ ಖುಷಿಯಲ್ಲಿ 'ಹೇಗೂ ಭಾರತದಲ್ಲಿದ್ದೇನೆ' ಅಂತ ದೇಶವನ್ನು ಇಂಡಿಯಾ ಎಂದು ಬದಲಾಯಿಸಿಬಿಡುತ್ತಾರೆ. ಹಾಗೆ ಮಾಡಬೇಡಿ. ಅಲ್ಲಿ ಕೊಂಡ ಹಾಡು ಇಲ್ಲಿಯ ಅಂಗಡಿಯಲ್ಲಿ ಇಲ್ಲದಿದ್ದರೆ ಮತ್ತೆ ಇಳಿಸಿಕೊಳ್ಳಲು ಆಗದೆ ಹೋಗಬಹುದು. ಎಲ್ಲಾ ಹಾಡು ಇಳಿಸಿಕೊಂಡು, ಬ್ಯಾಕಪ್ ಆದ ಮೇಲೆ ದೇಶ ಬದಲಾಯಿಸಿ. ಮ್ಯಾಚ್‌ಗೆ ದುಡ್ಡು ಕಟ್ಟಲು ಅಮೆರಿಕದ ಕಾರ್ಡ್ ಬೇಕಾಗುವುದೂ ಖಾತೆ ಅಲ್ಲಿಯದು ಎನ್ನುವ ಕಾರಣಕ್ಕೇ. ನಿಮಗೆ ಅಲ್ಲಿ ಈಗಲೂ ಬ್ಯಾಂಕ್ ಖಾತೆ ಇದ್ದರೆ ಸರಿ.

ಕಾರ್ಡ್ ಇಲ್ಲ, ಪಾಸ್‌ವರ್ಡ್ ನೆನಪಿಲ್ಲ, ಅಥವಾ ಕೆಲವು ಹಾಡು ಆಪಲ್‌ನ ಉಗ್ರಾಣದಲ್ಲೇ ಇಲ್ಲ. ಹಾಗಿದ್ದರೆ ಎರಡನೇ ದಾರಿ: ಸಿಡಿ ರೈಟ್ ಮಾಡುವುದು. ನನಗೆ ನಿಜವಾಗಿ ಇಷ್ಟವಾದದ್ದು ಇದೇ. ಇದಕ್ಕೆ ಇಂಟರ್ನೆಟ್ ಬೇಡ, ಪಾಸ್‌ವರ್ಡ್ ಬೇಡ. ಬೀಗದ ಕೈ ಇರುವ ಆ ಎಕ್ಸ್‌ಪಿ ಲ್ಯಾಪ್‌ಟಾಪ್ ಒಂದಿದ್ದರೆ ಸಾಕು. ಕೊಂಡ ಹಾಡನ್ನು ಆಡಿಯೊ ಸಿಡಿ ಮಾಡಿಕೊಳ್ಳಲು ಐಟ್ಯೂನ್ಸ್ ಮೊದಲಿನಿಂದಲೂ ಬಿಟ್ಟಿತ್ತು. ಬೀಗದ ಹಾಡಿರುವ ಒಂದೇ ಪ್ಲೇಲಿಸ್ಟನ್ನು ಏಳು ಸಲ ರೈಟ್ ಮಾಡಬಹುದು. ಆಡಿಯೊ ಸಿಡಿಯಲ್ಲಿ ಬೀಗ ಇರುವುದಿಲ್ಲ. ಆ ಸಿಡಿಯನ್ನು ಮತ್ತೆ ಕಂಪ್ಯೂಟರಿಗೆ ಎಳೆದುಕೊಂಡರೆ ಎಲ್ಲಿ ಬೇಕಾದರೂ ಹಾಡುವ ಫೈಲು ಸಿಗುತ್ತದೆ.

ಮಾಡುವುದು ಹೀಗೆ. ಬೀಗದ ಹಾಡುಗಳನ್ನು 80 ನಿಮಿಷದ ಕಂತುಗಳಾಗಿ ಪ್ಲೇಲಿಸ್ಟ್ ಮಾಡಿ. ಇಂಗ್ಲಿಷ್ ಹಾಡಾದರೆ ಒಂದು ಸಿಡಿಗೆ ಹದಿನೆಂಟು ಇಪ್ಪತ್ತು ಹಿಡಿಸುತ್ತವೆ. ದೊಡ್ಡ ಖಯಾಲ್ ಆದರೆ ಎರಡಕ್ಕೇ ಸಿಡಿ ತುಂಬುತ್ತದೆ. ರೈಟ್ ಮಾಡುವ ಕಿಟಕಿಯಲ್ಲಿ 'ಆಡಿಯೊ ಸಿಡಿ' ಆರಿಸಿ, 'ಗ್ಯಾಪ್ ಬಿಟ್ವೀನ್ ಸಾಂಗ್ಸ್' ಎಂಬಲ್ಲಿ 'ನನ್' ಇಡಿ. ಇದನ್ನು ಮರೆಯಬೇಡಿ. ಅದು ಸುಮ್ನೆ ಬಿಟ್ಟರೆ ಹಾಡಿಗೂ ಹಾಡಿಗೂ ನಡುವೆ ಎರಡು ಸೆಕೆಂಡ್ ಮೌನ ಹಾಕುತ್ತದೆ. ವಿಲಂಬಿತ ಒಂದು ಟ್ರ್ಯಾಕ್, ದ್ರುತ್ ಇನ್ನೊಂದು ಟ್ರ್ಯಾಕ್ ಎಂದು ಕತ್ತರಿಸಿ ಮಾರಿದ ರಾಗದಲ್ಲಿ ನಡುವೆ ತಂಬೂರಿ ದಿಢೀರನೆ ನಿಂತುಹೋದ ಹಾಗೆ ಕೇಳುತ್ತದೆ. 'ಇನ್‌ಕ್ಲೂಡ್ ಸಿಡಿ ಟೆಕ್ಸ್ಟ್' ಇದ್ದರೆ ಅದಕ್ಕೂ ಟಿಕ್ ಹಾಕಿ.

ಪ್ರತಿ ಕಂತಿಗೂ ಹೊಸ ಸಿಡಿ ಬೇಕಿಲ್ಲ. ಸಿಡಿ-ಆರ್‌ಡಬ್ಲ್ಯೂ ಅನ್ನುವ, ಅಳಿಸಿ ಬರೆಯುವ ಸಿಡಿ ಒಂದಿದ್ದರೆ ಸಾಕು. ರೈಟ್ ಮಾಡಿ, ಎಳೆದುಕೊಳ್ಳಿ, ಅಳಿಸಿ, ಮುಂದಿನದು ಬರೆಯಿರಿ. ಎಳೆದುಕೊಳ್ಳುವ ಮುಂಚೆ 'ಇಂಪೋರ್ಟ್ ಸೆಟ್ಟಿಂಗ್ಸ್'ನಲ್ಲಿ 'ಎಂಪಿ3 ಎನ್‌ಕೋಡರ್' ಆರಿಸಿ 256 ಕೆಬಿಪಿಎಸ್ ಇಡಿ. 'ಎರರ್ ಕರೆಕ್ಷನ್' ಟಿಕ್ ಮಾಡಿ, ಸ್ವಲ್ಪ ನಿಧಾನವಾದರೂ ಚಟಪಟ ಸದ್ದು ಬರುವುದಿಲ್ಲ. 'ಇದೇ ಹಾಡು ಆಗಲೇ ಇದೆ, ಬದಲಾಯಿಸಲೇ' ಎಂದು ಕೇಳಿದರೆ 'ಡೋಂಟ್ ರಿಪ್ಲೇಸ್' ಒತ್ತಿ. ಮೂಲ ಫೈಲು ಹಾಗೇ ಇರಲಿ. ಹಾಡಿನ ಹೆಸರುಗಳು ಸರಿಯಾಗಿ ಬಂದಿವೆಯೇ ಎಂದು ಮೊದಲ ಸಿಡಿಯಲ್ಲೇ ನೋಡಿಕೊಳ್ಳಿ. ಇಲ್ಲದಿದ್ದರೆ ಕೊನೆಗೆ 'ಟ್ರ್ಯಾಕ್ 01' ಎಂಬ ಹೆಸರಿನ ಹತ್ತು ಹಾಡು ಕೂತಿರುತ್ತವೆ, ಯಾವುದು ಮಾಲಕಂಸ್ ಯಾವುದು ಯಮನ್ ಅಂತ ಕೇಳಿಯೇ ಕಂಡುಹಿಡಿಯಬೇಕು.

ಗುಣಮಟ್ಟ ಕಡಿಮೆಯಾಗುತ್ತದೆಯೇ? ಸ್ವಲ್ಪ ಆಗುತ್ತದೆ. 128ರಲ್ಲಿ ಮೊದಲೇ ಹಿಂಡಿದ ಹಾಡನ್ನು ಬಿಚ್ಚಿ ಮತ್ತೆ ಹಿಂಡುತ್ತಿದ್ದೇವೆ. ಸಿಡಿಯಲ್ಲಿದ್ದಷ್ಟನ್ನೂ ಹಾಗೇ ಉಳಿಸುವ 'ಲಾಸ್‌ಲೆಸ್' ಆಯ್ಕೆಯೂ ಇದೆ, ಫೈಲು ಮಾತ್ರ ಹಲವು ಪಟ್ಟು ದೊಡ್ಡದಾಗುತ್ತದೆ. ಕಾರಿನಲ್ಲಿ, ಅಡುಗೆಮನೆಯಲ್ಲಿ ಕೇಳುವ ಹಾಡಿಗೆ ಅಷ್ಟೆಲ್ಲ ಬೇಡ ಅಂತ ನನ್ನ ಅಭಿಪ್ರಾಯ. ಒಳ್ಳೆ ಹೆಡ್‌ಫೋನ್ ಇಟ್ಟುಕೊಂಡು ತಂಬೂರಿಯ ಝೇಂಕಾರಕ್ಕೇ ಕಿವಿ ಕೊಡುವವರಾದರೆ ಮ್ಯಾಚ್ ದಾರಿಯೇ ಮೇಲು, ಯಾಕೆಂದರೆ ಅಲ್ಲಿ ಬರುವುದು ಹೊಸ 256ರ ಪ್ರತಿ.

ಇನ್ನು ಮಗಳು ಹೇಳಿದ ಸಾಫ್ಟ್‌ವೇರ್. ಅಂಥವು ಇದ್ದವು, ಈಗಲೂ ಆ ಹೆಸರಲ್ಲಿ ಏನೇನೋ ಸಿಗುತ್ತವೆ. ಇದರಲ್ಲಿ ನಮ್ಮ ನೆರೆ ರಾಜ್ಯದ ಒಂದು ಸ್ವಾರಸ್ಯದ ಕಥೆ ಇದೆ. 2004ರಲ್ಲಿ ಪ್ಲೇಫೇರ್ ಎಂಬ ಸಾಫ್ಟ್‌ವೇರ್ ಫೇರ್‌ಪ್ಲೇ ಬೀಗ ತೆಗೆಯಿತು. ಹೆಸರನ್ನೇ ತಿರುವಿಟ್ಟಿದ್ದರು. ಅದನ್ನು ಇಟ್ಟಿದ್ದ ತಾಣಕ್ಕೆ ಆಪಲ್‌ನ ವಕೀಲರ ನೋಟಿಸ್ ಹೋಯಿತು. ಆಗ ಅದು ಬಂದು ಆಶ್ರಯ ಪಡೆದದ್ದು ತಿರುವನಂತಪುರದಿಂದ ನಡೆಯುತ್ತಿದ್ದ ಸರೋವರ್ ಎಂಬ ತಾಣದಲ್ಲಿ. ಬೆನ್ನಿಗೇ ಅಲ್ಲಿಗೂ ನೋಟಿಸ್ ಬಂತು, ಅಲ್ಲಿಂದಲೂ ತೆಗೆದರು.

ಕಾನೂನಿನ ಮಾತು ಸ್ವಲ್ಪ ಸೂಕ್ಷ್ಮ. ನಮ್ಮ 1957ರ ಕೃತಿಸ್ವಾಮ್ಯ ಕಾಯಿದೆಗೆ 2012ರಲ್ಲಿ 65ಎ ಕಲಮು ಸೇರಿತು. ಹಕ್ಕುಗಳನ್ನು ಉಲ್ಲಂಘಿಸುವ ಉದ್ದೇಶದಿಂದ ಇಂಥ ಬೀಗ ಮುರಿದರೆ ಎರಡು ವರ್ಷದವರೆಗೆ ಜೈಲು ಮತ್ತು ದಂಡ. ಇಲ್ಲಿ 'ಉದ್ದೇಶದಿಂದ' ಎಂಬ ಮಾತು ಮುಖ್ಯ. ಸ್ವಂತಕ್ಕೆ, ಖಾಸಗಿಯಾಗಿ ಬಳಸುವುದಕ್ಕೆ ಅದೇ ಕಾಯಿದೆಯ 52ನೇ ಕಲಮಿನಲ್ಲಿ ಜಾಗ ಇದೆ. ಅಮೆರಿಕದ 1998ರ ಡಿಎಂಸಿಎ ಎಂಬ ಕೃತಿಸ್ವಾಮ್ಯ ಕಾಯಿದೆ ಇದಕ್ಕಿಂತ ಬಿಗಿ, ಅಲ್ಲಿ ಬೀಗ ಮುರಿಯುವುದೇ ತಪ್ಪು. ಅಲ್ಲೇ ಇರುವ ಕನ್ನಡಿಗರು ಇದನ್ನು ನೆನಪಿಡಬೇಕು. ಆದರೆ ನಾನು ಬೇಡ ಅನ್ನುವುದಕ್ಕೆ ಕಾರಣ ಕಾನೂನಲ್ಲ. 'ಬೀಗ ತೆಗೆಯುವ ಉಚಿತ ಸಾಫ್ಟ್‌ವೇರ್' ಅಂತ ಹುಡುಕಿದಾಗ ಸಿಗುವವುಗಳಲ್ಲಿ ವೈರಸ್ ಇರುವ ಅಪಾಯ ಜಾಸ್ತಿ. ಅಂಗಡಿಯೇ ಬಿಟ್ಟಿರುವ ಸಿಡಿ ದಾರಿ ಇರುವಾಗ ಕಿಟಕಿ ಹತ್ತಿ ಒಳಗೆ ಹೋಗುವ ದರ್ದು ಏನು?

ತಡ ಮಾಡಬೇಡಿ ಅನ್ನುತ್ತಿರುವುದು ಅನುಭವದಿಂದ. ನಾನೂ ಆ ಕಾಲದಲ್ಲಿ ಬೇರೊಂದು ಆನ್‌ಲೈನ್ ಅಂಗಡಿಯಿಂದ ಬೀಗ ಹಾಕಿದ, ಡಬ್ಲ್ಯೂಎಂಎ ಎಂಬ ಮೈಕ್ರೋಸಾಫ್ಟ್ ಬಗೆಯ ಹಾಡು ಮೂವತ್ತೋ ನಲವತ್ತೋ ಕೊಂಡಿದ್ದೆ. ವೈರಸ್ ಬಂತು ಅಂತ ಕಂಪ್ಯೂಟರ್ ಫಾರ್ಮ್ಯಾಟ್ ಮಾಡಿದೆ. ಹಾಡುಗಳನ್ನು ಜೋಪಾನವಾಗಿ ಸಿಡಿಗೆ ಕಾಪಿ ಮಾಡಿಟ್ಟಿದ್ದೆ, ಲೈಸೆನ್ಸ್ ಫೈಲು ಬೇರೆಯೇ ಇರುತ್ತದೆ ಎಂಬುದು ಗೊತ್ತಿರಲಿಲ್ಲ. ಹಾಡು ಒತ್ತಿದರೆ ಲೈಸೆನ್ಸ್ ತರಲು ಅಂಗಡಿಗೆ ಹೋಗುತ್ತೇನೆ ಅನ್ನುತ್ತಿತ್ತು. ಅಷ್ಟರಲ್ಲಿ ಅಂಗಡಿಯೇ ಮುಚ್ಚಿತ್ತು. ಹೆಸರಾಂತ ಅಂಗಡಿಗಳೂ ಇದರಿಂದ ಹೊರತಲ್ಲ. ಯಾಹೂ ತನ್ನ ಹಾಡಿನ ಅಂಗಡಿಯ ಲೈಸೆನ್ಸ್ ಸರ್ವರ್‌ಗಳನ್ನು 2008ರ ಸೆಪ್ಟೆಂಬರ್ ಕೊನೆಗೆ ನಿಲ್ಲಿಸುತ್ತೇವೆ ಎಂದಾಗ ಗಲಾಟೆಯಾಗಿ, ಕೊಂಡವರಿಗೆ ಪರಿಹಾರ ಕೊಡಬೇಕಾಯಿತು. ಮೈಕ್ರೋಸಾಫ್ಟ್ ಕೂಡ ಎಂಎಸ್‌ಎನ್ ಮ್ಯೂಸಿಕ್ ವಿಷಯದಲ್ಲಿ ಹಾಗೇ ಹೊರಟು, ಜನ ಬೈದ ಮೇಲೆ 2011ರ ತನಕ ಮುಂದಕ್ಕೆ ಹಾಕಿತು. ನಮ್ಮಲ್ಲಿ ಫ್ಲಿಪ್‌ಕಾರ್ಟ್ 2012ರಲ್ಲಿ ಫ್ಲೈಟ್ ಎಂಬ ಹಾಡಿನ ಅಂಗಡಿ ತೆರೆದು ಮರುವರ್ಷವೇ ಮುಚ್ಚಿತು. ಅಲ್ಲಿ ಕೊಂಡವರ ಹಾಡು ಮಾತ್ರ ಉಳಿಯಿತು. ಕಾರಣ ಸರಳ, ಅವರು ಮಾರಿದ್ದು ಬೀಗವಿಲ್ಲದ ಎಂಪಿ3.

ಈಗಿನ ಆ್ಯಪ್‌ಗಳ ಬಗ್ಗೆ ಕೇಳಿದ್ದೀರಿ. ಅಲ್ಲಿ 'ಡೌನ್‌ಲೋಡ್' ಎಂಬ ಮಾತೇ ದಾರಿ ತಪ್ಪಿಸುತ್ತದೆ. ಅದು ಬಾಡಿಗೆ ಮನೆಯ ಹಾಗೆ, ಚಂದಾ ಇರುವವರೆಗೆ, ಆ ಆ್ಯಪ್‌ನೊಳಗೆ ಮಾತ್ರ. ಫೋನ್ ಬದಲಾದರೆ ಹೊಸ ಫೋನಿನಲ್ಲಿ ಲಾಗಿನ್ ಆಗಿ ಮತ್ತೆ ಇಳಿಸಿಕೊಳ್ಳಬೇಕು, ಫೈಲು ಕಾಪಿ ಮಾಡಿ ಪ್ರಯೋಜನವಿಲ್ಲ. 2024ರಲ್ಲಿ ಏರ್‌ಟೆಲ್ ತನ್ನ ವಿಂಕ್ ಮ್ಯೂಸಿಕ್ ನಿಲ್ಲಿಸುವುದಾಗಿ ಹೇಳಿತಲ್ಲ, ಅಂಥ ಹೊತ್ತಿನಲ್ಲಿ ನಿಮ್ಮ ಕೈಯಲ್ಲಿ ಏನೂ ಉಳಿಯುವುದಿಲ್ಲ. ಅದಕ್ಕೆ ಮೇಲೆ ಹೇಳಿದ ಸಿಡಿಯಂಥ ದಾರಿಯೂ ಇಲ್ಲ.

ಫೈಲುಗಳು ತಯಾರಾದ ಮೇಲೆ ಫೋನಿಗೆ ಹಾಕುವುದು ಐದು ನಿಮಿಷದ ಕೆಲಸ. ಯುಎಸ್‌ಬಿ ವೈರ್ ಚುಚ್ಚಿ, ಫೋನಿನ ಪರದೆಯಲ್ಲಿ 'ಫೈಲ್ ಟ್ರಾನ್ಸ್‌ಫರ್' ಆರಿಸಿ, 'ಮ್ಯೂಸಿಕ್' ಫೋಲ್ಡರಿಗೆ ಎಳೆದು ಬಿಡಿ. ಎಂಪಿ3, ಎಂ4ಎ ಎರಡನ್ನೂ ಆಂಡ್ರಾಯ್ಡ್ ಹಾಡುತ್ತದೆ. ಕಾರಿನ ಸ್ಟೀರಿಯೊಗೆ ಪೆನ್‌ಡ್ರೈವ್ ಹಾಕುವವರಾದರೆ ಎಲ್ಲವನ್ನೂ ಎಂಪಿ3 ಮಾಡಿಕೊಳ್ಳಿ, ಹಲವು ಸ್ಟೀರಿಯೊಗಳಿಗೆ ಎಂ4ಎ ಅರ್ಥವಾಗುವುದಿಲ್ಲ. ಬೀಗವಿಲ್ಲದ ಹಾಡನ್ನು ಐಟ್ಯೂನ್ಸ್‌ನಲ್ಲೇ 'ಕ್ರಿಯೇಟ್ ಎಂಪಿ3 ವರ್ಷನ್' ಒತ್ತಿ ಬದಲಾಯಿಸಬಹುದು. ಬೀಗದ್ದಕ್ಕೆ ಒತ್ತಿದರೆ 'ಆಗುವುದಿಲ್ಲ' ಅಂತ ಅದೇ ಹೇಳುತ್ತದೆ.

ಆ ಐಪಾಡ್ ಗುಜರಿಗೆ ಹಾಕಬೇಡಿ. ಬ್ಯಾಟರಿ ಸತ್ತಿದ್ದರೂ ಚಾರ್ಜರಿಗೆ ಚುಚ್ಚಿ ಒಮ್ಮೆ ನೋಡಿ. ಅದಕ್ಕೆ ಜೀವ ಬಂದರೆ, ಅದರೊಳಗಿನ ಬೀಗದ ಕೈ ಇನ್ನೂ ಹಾಗೇ ಇದ್ದೀತು. ಹೆಡ್‌ಫೋನ್ ತೂತಿನಿಂದ ಒಂದು ವೈರ್ ಎಳೆದು ಸ್ಪೀಕರಿಗೆ ಕೊಟ್ಟರೆ ಮನೆಯಲ್ಲಿ ಕೇಳಲು ಅದೇ ಸಾಕು.